ಹಳೇ ಟ್ರೇಲರ್ ತಗೊಳೋ ಮುಂಚೆ ಅದ್ರ ಕೆಳಗೆ ಒಂದ್ಸಲ ಮಲ್ಕೊಂಡು ನೋಡಿ

ಕೊಯ್ಲಿಗೆ ಇನ್ನೊಂದು ತಿಂಗ್ಳು ಐತೆ ಅನ್ನೋವಾಗ ಪ್ರತಿ ವರ್ಷ ನಂಟರ ಪೈಕಿ ಯಾರಾದ್ರೂ ಒಬ್ರು ಫೋನ್ ಮಾಡೇ ಮಾಡ್ತಾರೆ, ಅಣ್ಣ ಒಂದು ಸೆಕೆಂಡ್ ಹ್ಯಾಂಡ್ ಟ್ರೇಲರ್ ಐತೆ, ಪೇಂಟ್ ಚೆನ್ನಾಗೈತೆ, ತಗೊಳ್ಳಾ ಅಂತ. ಪೇಂಟ್ ಚೆನ್ನಾಗೈತೆ ಅಂದ ಕೂಡ್ಲೇ ನಂಗೆ ಎದೆ ಧಸಕ್ ಅಂತೈತೆ. ಹಂಗಾಗಿ ಎಲ್ರಿಗೂ ಫೋನಲ್ಲಿ ಹೇಳೋದನ್ನ ಒಂದೇ ಕಡೆ ಬರೆದಿಡ್ತಿದೀನಿ. ನಮ್ದು ದಾವಣಗೆರೆ ಕಡೆ, ಭದ್ರಾ ನಾಲೆ ಕೆಳಗೆ ಒಂದಿಷ್ಟು ಭತ್ತ, ಮಳೆ ಆಶ್ರಯದಲ್ಲಿ ಮೆಕ್ಕೆಜೋಳ. ಟ್ರ್ಯಾಕ್ಟರ್ ಹಿಂದೆ ಕಟ್ಟೋ ಈ ಟ್ರೇಲರಿಗೆ ಕೆಲವ್ರು ಟ್ರಾಲಿ ಅಂತಾರೆ, ಕೆಲವ್ರು ಟೇಲರ್ ಅಂತಾರೆ, ಡಬ್ಬಿ ಅನ್ನೋರೂ ಇದಾರೆ, ಎಲ್ಲಾ ಒಂದೇ.

ಮೊದ್ಲು ನಮ್ಮನೇಲಿ ಆಗಿದ್ದು ಹೇಳ್ತೀನಿ. ನಾನೂ ಅಪ್ಪನೂ ಹೋಗಿ ಒಂದು 2 ಚಕ್ರದ ಟ್ರೇಲರ್ ತಂದ್ವಿ, ನೀಲಿ ಬಣ್ಣ ಫಳಫಳ ಅಂತಿತ್ತು, ಡೋರ್ ಮೇಲೆ ಹೂವಿನ ಡಿಸೈನ್ ಬೇರೆ ಬರೆಸಿದ್ರು. ಮೊದಲ್ನೇ ಲೋಡು ಮೆಕ್ಕೆಜೋಳ, ಒಕ್ಕಣೆ ಮಷಿನ್‌ನಿಂದ ನೇರ ಟ್ರೇಲರಿಗೆ ಸುರಿಸಿ ಮಾರ್ಕೆಟ್ಟಿಗೆ ಹೊರಟಿದ್ವಿ, 3 ಕಿಲೋಮೀಟರ್ ಹೋಗಿರ್ಬೋದು, ಹಿಂದೆ ಬೈಕಲ್ಲಿ ಬರ್ತಿದ್ದ ತಮ್ಮ ಹಾರ್ನ್ ಹೊಡ್ಕೊಂಡು ಮುಂದೆ ಬಂದು ಅಡ್ಡ ನಿಲ್ಲಿಸ್ದ. ಇಳಿದು ನೋಡಿದ್ರೆ ರಸ್ತೆ ಉದ್ದಕ್ಕೂ ಹಳದಿ ಗೆರೆ ಎಳೆದಂಗೆ ಕಾಳು. ತಳದ ಶೀಟ್ ತುಕ್ಕು ತಿಂದು ತೂತು ಬಿದ್ದಿದ್ದಕ್ಕೆ ಪುಟ್ಟಿ ತುಂಬಿ, ಮೇಲೆ ಪೇಂಟ್ ಹೊಡೆದು ನಮಗೆ ಮಾರಿದ್ರು, ಲೋಡ್ ಬಿದ್ದು ಕುಲುಕಾಡಿದ ತಕ್ಷಣ ಪುಟ್ಟಿ ಬಿಲ್ಲೆ ಬಿಲ್ಲೆಯಾಗಿ ಉದುರಿತ್ತು. ಅಪ್ಪ ಏನೂ ಮಾತಾಡ್ಲಿಲ್ಲ, ಹೆಗಲ ಮೇಲಿನ ಟವೆಲ್ ತೆಗೆದು ತೂತಿಗೆ ತುರುಕಿದ್ರು. ನಾಲ್ಕು ತಿಂಗ್ಳು ಹೆಂಡ್ರು ಮಕ್ಳು ಸಮೇತ ಕಳೆ ತೆಗೆದು ಬೆಳೆದಿದ್ದು ಹಂಗೆ ರಸ್ತೆಗೆ ಬೀಳೋದು ನೋಡೋಕಾಗಲ್ಲ, ಇವತ್ತಿಗೂ ಹೊಟ್ಟೆ ಉರಿತೈತೆ.

ಎತ್ತು ತರೋಕೆ ಜಾತ್ರೆಗೆ ಹೋದಾಗ ಏನ್ಮಾಡ್ತೀವಿ, ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ಗೊರಸು ಎತ್ತಿ ನೋಡ್ತೀವಿ, ಗಾಡಿಗೆ ಕಟ್ಟಿ ನಾಲ್ಕು ಹೆಜ್ಜೆ ನಡೆಸ್ತೀವಿ. ಅದಕ್ಕಿಂತ ಜಾಸ್ತಿ ದುಡ್ಡು ಕೊಟ್ಟು ಟ್ರೇಲರ್ ತರೋವಾಗ ಮಾತ್ರ ಸುತ್ತ ಒಂದು ರೌಂಡ್ ಹಾಕಿ, ಟೈರಿಗೆ ಕಾಲಲ್ಲಿ ಒದ್ದು, ಟೀ ಕುಡಿದು ಅಡ್ವಾನ್ಸ್ ಕೊಟ್ಟು ಬರ್ತೀವಿ. ಟ್ರೇಲರಿನ ಆಯಸ್ಸೆಲ್ಲ ಇರೋದು ಕೆಳಗೆ. ಹಳೇ ಗೋಣಿಚೀಲ ಒಂದು ಹಾಸಿ ಅದ್ರ ಕೆಳಗೆ ಮಲಗ್ಲೇಬೇಕು, ಬೇರೆ ದಾರಿ ಇಲ್ಲ.

ಕೆಳಗೆ ಹೋಗೋ ಮುಂಚೆ ಮಾರೋರಿಗೆ ಒಂದು ಪ್ರಶ್ನೆ ಕೇಳಿ, ಇದ್ರಲ್ಲಿ ಇಷ್ಟು ವರ್ಷ ಏನು ಹೊತ್ತಿದೀರಿ ಅಂತ. ಇದು ಯಾಕೆ ಮುಖ್ಯ ಅಂತ ಲೆಕ್ಕ ಹಾಕಿ ತೋರಿಸ್ತೀನಿ ನೋಡಿ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಡಬ್ಬಿ ಅಂದ್ರೆ 120 ಘನ ಅಡಿ. ಭತ್ತ ಒಂದು ಘನ ಅಡಿಗೆ ಹೆಚ್ಚು ಕಮ್ಮಿ 16 ಕೆಜಿ ತೂಗ್ತೈತೆ, ಅಂದ್ರೆ ಮಟ್ಟಸ ತುಂಬಿದ್ರೆ ಸುಮಾರು 19 ಕ್ವಿಂಟಾಲ್, 75 ಕೆಜಿ ಚೀಲದ ಲೆಕ್ಕದಲ್ಲಿ 25 ಚೀಲ. ಮೆಕ್ಕೆಜೋಳ ಘನ ಅಡಿಗೆ 20 ಕೆಜಿ ಹತ್ರ, ಅಲ್ಲಿಗೆ 24 ಕ್ವಿಂಟಾಲ್. ಅದೇ ಡಬ್ಬಿಗೆ ಹಸಿ ಮರಳು ತುಂಬಿದ್ರೆ ಘನ ಅಡಿಗೆ 50 ಕೆಜಿ, ಸೀದಾ 6 ಟನ್! ಡಬ್ಬಿ ಒಂದೇ, ಅಚ್ಚು ಒಂದೇ, ಚಾಸಿ (ಕೆಳಗಿನ ಕಬ್ಬಿಣದ ಚೌಕಟ್ಟು) ಒಂದೇ, ಆದ್ರೆ ಭತ್ತದ ಮೂರು ಪಟ್ಟು ಭಾರ ದಿನಾ ಹೊತ್ತಿರ್ತೈತೆ. ಮರಳು, ಜಲ್ಲಿ, ಸೈಜುಗಲ್ಲು ಹೊಡೆದ ಟ್ರೇಲರ್ ಮೇಲ್ನೋಟಕ್ಕೆ ಎಷ್ಟೇ ಗಟ್ಟಿ ಕಂಡ್ರೂ ಚಾಸಿ ಬೆನ್ನು ಬಾಗಿರ್ತೈತೆ. ಗೊಬ್ಬರ ಹೊತ್ತ ಟ್ರೇಲರಿದ್ದು ಇನ್ನೊಂದು ಕಥೆ, ಯೂರಿಯಾ, ಕೋಳಿ ಗೊಬ್ಬರ ಬಿದ್ದು ಒದ್ದೆಯಾಗಿ ಮೂಲೆಲಿ ಉಳಿದ್ರೆ ಶೀಟನ್ನ ಗೆದ್ದಲು ತಿಂದಂಗೆ ತಿಂದು ಹಾಕ್ತೈತೆ. ಬರೀ ಕಾಳು ಕಡಿ, ಮೇವು ಹೊತ್ತ ಟ್ರೇಲರ್ ಸಿಕ್ಕಿದ್ರೆ 10 ವರ್ಷ ಹಳೇದಾದ್ರೂ ಪರವಾಗಿಲ್ಲ ನಾನು ಅದನ್ನೇ ಆರಿಸ್ತೀನಿ. ಮಾರೋರು ಸುಳ್ಳು ಹೇಳ್ಬೋದು, ಆದ್ರೆ ಮೂಲೆಗಳು ಸುಳ್ಳು ಹೇಳಲ್ಲ, ಡೋರಿನ ಸಂದಿ, ಚಾನೆಲ್ ಅನ್ನೋ ಕಬ್ಬಿಣದ ತೊಲೆ ಒಳಗೆ ಬೆರಳು ಹಾಕಿ ಕೆರೆದು ನೋಡಿ, ಮರಳು ಬರ್ತೈತಾ ಜೋಳದ ಹೊಟ್ಟು ಬರ್ತೈತಾ ಗೊತ್ತಾಗ್ತೈತೆ.

ಈಗ ಕೆಳಗೆ ಬನ್ನಿ. ಕೈಲಿ ಒಂದು ಸಣ್ಣ ಸುತ್ತಿಗೆ, ಒಂದು ಟಾರ್ಚ್, ಹಳೇ ಸ್ಪೀಕರಿನಿಂದ ಬಿಚ್ಚಿದ ಒಂದು ಅಯಸ್ಕಾಂತ, ಒಂದು ಟೇಪು ಇದ್ರೆ ಸಾಕು. ಚಾಸಿಯ ಎರಡು ಉದ್ದದ ಚಾನೆಲ್ಲನ್ನ ಮುಂದಿನಿಂದ ಹಿಂದಿನವರೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಕೊಂಡು ಹೋಗಿ. ಗಟ್ಟಿ ಕಬ್ಬಿಣ ಠಣ್ ಅಂತೈತೆ, ತುಕ್ಕು ಪದರ ಕಟ್ಟಿರೋ ಜಾಗ ಬದ್ ಅಂತೈತೆ, ಒಂದೆರಡು ಏಟಿಗೆ ಹೊಪ್ಪಳಿಕೆ ಉದುರಿ ಮುಖದ ಮೇಲೆ ಬೀಳ್ತೈತೆ, ಕಣ್ಣು ಜೋಪಾನ. ತಳದ ಶೀಟಿಗೆ ಅಯಸ್ಕಾಂತ ಸವರಿ, ಕಬ್ಬಿಣ ಇರೋ ಕಡೆ ಟಕ್ಕಂತ ಹಿಡ್ಕೊಳ್ತೈತೆ, ಪುಟ್ಟಿ ಇರೋ ಕಡೆ ಜಾರ್ತೈತೆ. ಆ ನೀಲಿ ಟ್ರೇಲರಿಗೆ ಈ ಒಂದು ಕೆಲಸ ಮಾಡಿದ್ರೆ ನಾವು ಉಳ್ಕೊಳ್ತಿದ್ವಿ. ಸಂಜೆ ಹೊತ್ತು ಹೋದ್ರೆ ಇನ್ನೂ ಒಳ್ಳೇದು, ಒಬ್ರು ಡಬ್ಬಿ ಒಳಗೆ ಟಾರ್ಚ್ ಹಿಡ್ಕೊಂಡು ಓಡಾಡ್ಲಿ, ಕೆಳಗಿಂದ ನೋಡಿದ್ರೆ ತೂತಿರೋ ಕಡೆಯೆಲ್ಲ ನಕ್ಷತ್ರದಂಗೆ ಮಿಂಚ್ತಾವೆ. ಡೋರಿನ ಸಂದಿಗೆ ಎರಡು ಬೊಗಸೆ ರಾಗಿ ಸುರಿದು ಮುಚ್ಚಿ ಟ್ರೇಲರನ್ನ ಸ್ವಲ್ಪ ಅಲ್ಲಾಡ್ಸಿ, ರಾಗಿ ನಿಂತ್ರೆ ಭತ್ತ ಮೆಕ್ಕೆಜೋಳ ಎಲ್ಲಾ ನಿಲ್ತೈತೆ. ಅಲ್ಪ ಸ್ವಲ್ಪ ಸೋರಿದ್ರೆ ಚಿಂತೆ ಬೇಡ, ಡೋರಿಗೆ ರಬ್ಬರ್ ಪಟ್ಟಿ ಹಾಕಿಸ್ಬೋದು, ಶೀಟೇ ಹೋಗಿದ್ರೆ ಮಾತ್ರ ಪೂರ್ತಿ ತಳ ಬದಲಾಯಿಸೋ ಖರ್ಚನ್ನ ಲೆಕ್ಕಕ್ಕೆ ಹಿಡೀರಿ.

ವೆಲ್ಡಿಂಗ್ ನೋಡೋದು ಒಂದು ಕಲೆ. ಹಳೇ ಟ್ರೇಲರ್ ಅಂದ್ಮೇಲೆ ವೆಲ್ಡಿಂಗ್ ಇದ್ದೇ ಇರ್ತೈತೆ, ಅದೇನು ತಪ್ಪಲ್ಲ. ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಇದ್ರೆ, ಅದ್ರಲ್ಲೂ ಮೂಕಿ (ಮುಂದಕ್ಕೆ ಚಾಚಿರೋ, ಕೊಂಡಿ ಇರೋ ಭಾಗ) ಬಂದು ಚಾಸಿಗೆ ಸೇರೋ ಜಾಗದಲ್ಲಿ ಇದ್ರೆ, ಅಲ್ಲಿ ಅದು ಎರಡು ಸಲ ಮುರಿದಿದೆ ಅಂತಲೇ ಅರ್ಥ, ಮೂರನೇ ಸಲ ನಿಮ್ಮ ಕೈಲಿ ಮುರೀತೈತೆ. ಎಳೆಯೋ ಭಾರ ಎಲ್ಲಾ ಅಲ್ಲೇ ಬೀಳೋದು. ಕೊಂಡಿಯ ರಿಂಗ್ ಕೂಡ ನೋಡಿ, ಸವೆದೂ ಸವೆದೂ ಒಂದು ಕಡೆ ತೆಳ್ಳಗಾಗಿ ಅರ್ಧಚಂದ್ರ ಆಗಿದ್ರೆ ಹೊಸಾ ರಿಂಗ್ ಹಾಕಿಸ್ಬೇಕು, ಹಂಗೇ ಓಡಿಸಿದ್ರೆ ಗೇರ್ ಹಾಕಿದಾಗ ಬ್ರೇಕ್ ಹಿಡಿದಾಗ ಪ್ರತಿ ಸಲ ಟ್ರ್ಯಾಕ್ಟರ್ ಬೆನ್ನಿಗೆ ಗುದ್ದು ಬೀಳ್ತೈತೆ.

ಆಮೇಲೆ ಟೇಪು ಹಿಡೀರಿ. ಮನೆ ಪಾಯ ಹಾಕೋವಾಗ ಮೇಸ್ತ್ರಿ ಮೂಲೆಮಟ್ಟ ನೋಡ್ತಾರಲ್ಲ, ಅದೇ ಲೆಕ್ಕ. ಡಬ್ಬಿಯ ಮುಂದಿನ ಎಡಮೂಲೆಯಿಂದ ಹಿಂದಿನ ಬಲಮೂಲೆಗೆ ಒಂದ್ಸಲ, ಮುಂದಿನ ಬಲಮೂಲೆಯಿಂದ ಹಿಂದಿನ ಎಡಮೂಲೆಗೆ ಒಂದ್ಸಲ ಅಳೀರಿ, ಎರಡೂ ಸಮ ಇರ್ಬೇಕು. ಇನ್ನೂ ಮುಖ್ಯವಾದ ಅಳತೆ ಕೊಂಡಿ ರಿಂಗಿನ ನಡುವಿನಿಂದ ಅಚ್ಚಿನ ಎಡತುದಿಗೆ ಎಷ್ಟು, ಬಲತುದಿಗೆ ಎಷ್ಟು ಅನ್ನೋದು. ಒಂದು ಇಂಚು ವ್ಯತ್ಯಾಸ ಇದ್ರೂ ಟ್ರೇಲರ್ ನಾಯಿ ಓಡಿದಂಗೆ ಒಂದು ಪಕ್ಕ ವಾಲ್ಕೊಂಡು ಬರ್ತೈತೆ, ಒಂದು ಕಡೆ ಟೈರು ಸುಮ್ಮನೆ ಸವೀತೈತೆ. ಇದನ್ನ ನೋಡೋರು ನೂರಕ್ಕೆ ಒಬ್ರು, ದಯವಿಟ್ಟು ಆ ಒಬ್ರು ನೀವಾಗಿ. ಕಮಾನ್ ಪಾಟಾದ (ಅಚ್ಚಿಗೆ ಕಟ್ಟಿರೋ ಸ್ಪ್ರಿಂಗ್ ಪಟ್ಟಿಗಳ) ಸೆಂಟರ್ ಬೋಲ್ಟ್ ಕಟ್ಟಾಗಿ ಅಚ್ಚು ಹಿಂದಕ್ಕೆ ಜಾರಿದ್ರೂ ಹಿಂಗಾಗ್ತೈತೆ, ಅದಾದ್ರೆ ರಿಪೇರಿ ಸುಲಭ, ಚಾಸಿಯೇ ತಿರುಚಿದ್ರೆ ಮಾತ್ರ ಆ ಟ್ರೇಲರ್ ಬೇಡವೇ ಬೇಡ.

ಚಕ್ರಕ್ಕೆ ಬರೋಣ. ಜಾಕಿ ಕೊಟ್ಟು ಒಂದು ಚಕ್ರ ಎತ್ತಿಸಿ, ಮೇಲೊಂದು ಕೈ ಕೆಳಗೊಂದು ಕೈ ಹಿಡ್ಕೊಂಡು ಅಲ್ಲಾಡ್ಸಿ, ಲಟಕ್ ಲಟಕ್ ಅಂತ ಆಡಿದ್ರೆ ಬೇರಿಂಗ್ ಸಡಿಲ ಇಲ್ಲಾ ಸವೆದೈತೆ. ಕೈಯಲ್ಲಿ ತಿರುಗಿಸಿ ಕಿವಿ ಕೊಡಿ, ನುಣ್ಣಗೆ ತಿರುಗ್ಬೇಕು, ಕರಕರ ಅಂದ್ರೆ ಬೇರಿಂಗ್ ಹೋಗೈತೆ ಅಂತಲೇ. ಬೇರಿಂಗ್ ಬದಲಾಯಿಸೋದು ದೊಡ್ಡ ಖರ್ಚಲ್ಲ, ಆದ್ರೆ ಬೇರಿಂಗ್ ಹೋದ್ಮೇಲೂ ಹಂಗೇ ಓಡ್ಸಿದ್ರೆ ಅಚ್ಚಿನ ತುದಿ ತಿಂದಿರ್ತೈತೆ, ಅದು ದೊಡ್ಡ ಖರ್ಚು, ಸಾಧ್ಯ ಆದ್ರೆ ಒಂದು ಹಬ್ ಕ್ಯಾಪ್ (ಚಕ್ರದ ನಡುವಿನ ಮುಚ್ಚಳ) ತೆಗೆಸಿ ನೋಡಿ, ಗ್ರೀಸ್ ಐತಾ ಇಲ್ಲಾ ಕೆಂಪು ಪುಡಿ ಐತಾ ಅಂತ.

ಟೈರಿನ ಬಗ್ಗೆ ಒಂದೇ ಮಾತು, ಬಟನ್, ಅಂದ್ರೆ ಟೈರಿನ ಮೇಲಿನ ಹಲ್ಲು, ನೋಡಿ ಮೋಸ ಹೋಗ್ಬೇಡಿ. ಟ್ರೇಲರ್ ವರ್ಷಕ್ಕೆ ಓಡೋದೇ ಕಮ್ಮಿ, ಬಟನ್ ಸವಿಯೋ ಮುಂಚೆ ಬಿಸಿಲಿಗೆ ನಿಂತು ನಿಂತು ಸೈಡ್ ಬಿರುಕು ಬಿಟ್ಟಿರ್ತೈತೆ. ಟೈರಿನ ಸೈಡಲ್ಲಿ ಮೊಟ್ಟೆ ಆಕಾರದ ಚೌಕಟ್ಟಲ್ಲಿ 4 ಅಂಕಿ ಇರ್ತಾವೆ, ಮೊದಲ ಎರಡು ವಾರ, ಕೊನೆ ಎರಡು ವರ್ಷ, 2319 ಅಂತಿದ್ರೆ 2019ರ 23ನೇ ವಾರ ತಯಾರಾಗಿದ್ದು. ಎರಡೂ ಟೈರು ಒಂದೇ ಸೈಜ್ ಇದಾವಾ ನೋಡಿ, ಒಂದಕ್ಕೆ 9.00-16 ಇನ್ನೊಂದಕ್ಕೆ 7.50-16 ಹಾಕಿ ಮಾರೋ ಪುಣ್ಯಾತ್ಮರೂ ಇದಾರೆ.

2 ಚಕ್ರದ್ದಾ 4 ಚಕ್ರದ್ದಾ ಅಂತ ಎಲ್ರೂ ಕೇಳ್ತಾರೆ. 4 ಚಕ್ರದ್ದು ಭಾರವನ್ನ ತಾನೇ ಹೊರ್ತೈತೆ, ಕಬ್ಬು ಹೊಡೆಯೋರಿಗೆ ಸರಿ, ಆದ್ರೆ ರಿವರ್ಸ್ ತೆಗೆಯೋದು ಅಭ್ಯಾಸ ಇಲ್ಲದೋರಿಗೆ ನರಕ, ಗದ್ದೆ ಬದುವಿನ ದಾರೀಲಿ ತಿರುಗಿಸೋದು ಇನ್ನೂ ಕಷ್ಟ. 2 ಚಕ್ರದ್ದು ಸ್ವಲ್ಪ ಭಾರವನ್ನ ಟ್ರ್ಯಾಕ್ಟರಿನ ಕೊಂಡಿ ಮೇಲೆ ಹಾಕ್ತೈತೆ, ಅದ್ರಿಂದ ಕೆಸರಲ್ಲಿ ಹಿಂದಿನ ಗಾಲಿಗೆ ಹಿಡಿತ ಸಿಗ್ತೈತೆ, ಭತ್ತದ ಗದ್ದೆಗೆ ನನ್ನ ಓಟು ಇದಕ್ಕೇ. ಆದ್ರೆ ಒಂದು ಪರೀಕ್ಷೆ ಮಾಡಿ. ಖಾಲಿ ಟ್ರೇಲರನ್ನ ಟ್ರ್ಯಾಕ್ಟರಿನಿಂದ ಬಿಚ್ಚಿದಾಗ ಮೂಕಿ ಭಾರವಾಗಿ ಕೆಳಗೆ ಕೂರ್ಬೇಕು. ಮೂಕಿ ಹಗುರ ಅನ್ನಿಸಿದ್ರೆ, ಎತ್ತಿದ್ರೆ ಸಲೀಸಾಗಿ ಮೇಲೆ ಬಂದ್ರೆ, ಅಚ್ಚು ತುಂಬಾ ಮುಂದಕ್ಕೈತೆ ಅಂತ ಅರ್ಥ, ಹಿಂದೆ ಲೋಡ್ ಬಿದ್ದಾಗ ಕೊಂಡಿ ಮೇಲಕ್ಕೆ ಎಗರ್ತೈತೆ, ಪಿನ್ ತೆಗೆಯೋಕೆ ಬಗ್ಗಿದೋನ ಗದ್ದಕ್ಕೆ ಹೊಡೆದ್ರೆ ಜೀವಕ್ಕೇ ಸಂಚಕಾರ.

ಹೈಡ್ರಾಲಿಕ್ ಟಿಪ್ಪಿಂಗ್ (ಎಣ್ಣೆ ಒತ್ತಡದಲ್ಲಿ ಡಬ್ಬಿ ಎತ್ತಿ ಸುರಿಯೋ ವ್ಯವಸ್ಥೆ) ಇರೋದು ತಗೊಳ್ತೀರಿ ಅಂದ್ರೆ ನಿಮ್ಮ ಟ್ರ್ಯಾಕ್ಟರನ್ನೇ ಅಲ್ಲಿಗೆ ಒಯ್ಯಿರಿ, ಅವರ ಟ್ರ್ಯಾಕ್ಟರಲ್ಲಿ ಎತ್ತಿ ತೋರಿಸಿದ್ದು ಲೆಕ್ಕಕ್ಕಿಲ್ಲ. ಪೈಪ್ ಜೋಡಿಸೋ ಮುಂಚೆ ಅದರೊಳಗಿನ ಎಣ್ಣೆ ಒಂದು ತೊಟ್ಟು ಬೆರಳಿಗೆ ಹಚ್ಕೊಂಡು ನೋಡಿ, ಹಾಲಿನಂಗೆ ಬೆಳ್ಳಗಿದ್ರೆ ನೀರು ಸೇರೈತೆ, ಅದು ವಾಪಸ್ ನಿಮ್ಮ ಟ್ರ್ಯಾಕ್ಟರ್ ಹೊಟ್ಟೆಗೇ ಬರೋದು, ಕಪ್ಪಗೆ ಕಸ ಇದ್ರೂ ಅಷ್ಟೇ. ಪೂರ್ತಿ ಎತ್ತಿಸಿ, ಸುಮ್ನೆ 10 ನಿಮಿಷ ನಿಲ್ಸಿ. ಇಳೀತಾ ಬಂದ್ರೆ ಡಬ್ಬಿ ಎತ್ತೋ ಜಾಕಿನ ಮೈ ಮೇಲೆ ಎಣ್ಣೆ ಒಸರೈತಾ ನೋಡಿ, ಒಸರಿದ್ರೆ ಸೀಲ್ ಹೋಗೈತೆ, ಎಲ್ಲೂ ಎಣ್ಣೆ ಕಾಣ್ದೆ ಇಳಿದ್ರೆ ಅನುಮಾನ ಟ್ರ್ಯಾಕ್ಟರಿನ ವಾಲ್ವ್ ಕಡೆ, ಟ್ರೇಲರಿನ ತಪ್ಪಲ್ಲ. ಇದನ್ನೆಲ್ಲ ದೂರ ನಿಂತು ನೋಡಿ. ಎತ್ತಿದ ಡಬ್ಬಿ ಕೆಳಗೆ ಆಸರೆ ಕೊಡ್ದೆ ತಲೆ ಹಾಕ್ಬೇಡಿ, ಒಂದು ಪೈಪ್ ಒಡೆದ್ರೆ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಕೆಳಗಿರ್ತೈತೆ. ಹೊಲದಲ್ಲಿ ಎತ್ತೋವಾಗ ಮೇಲೆ ಕರೆಂಟ್ ಲೈನ್ ಐತಾ ಅಂತ ನೋಡೋದನ್ನ ಮನೆ ಹುಡುಗರಿಗೆಲ್ಲ ಕಲಿಸಿ.

ಎಷ್ಟು ದೊಡ್ಡದು ಬೇಕು ಅನ್ನೋದು ನಿಮ್ಮ ಟ್ರ್ಯಾಕ್ಟರ್ ನೋಡ್ಕೊಂಡು. ಮೇಲೆ ಒಂದೂವರೆ ಅಡಿ ಎಕ್ಸ್‌ಟ್ರಾ ಹಲಗೆ ಕಟ್ಟಿದ್ರೆ ಅದೇ 10 ಅಡಿ ಡಬ್ಬಿ 210 ಘನ ಅಡಿ ಆಗ್ತೈತೆ, ಭತ್ತ 33 ಕ್ವಿಂಟಾಲ್ ದಾಟ್ತೈತೆ, ಮೆಕ್ಕೆಜೋಳ ತುಂಬಿದ್ರೆ 42. ಹಲಗೆ ಕಟ್ಟೋದು ಭತ್ತಕ್ಕೆ, ಹೊಟ್ಟಿಗೆ, ಮೇವಿಗೆ ಸರಿ, ಅದೇ ಅಂದಾಜಲ್ಲಿ ಮೆಕ್ಕೆಜೋಳ ಪೇರಿಸಿದ್ರೆ ಓವರ್‌ಲೋಡ್. ನಮ್ಮ ಕಡೆ ಟ್ರೇಲರಿಗೆ ಬ್ರೇಕ್ ಇರೋದೇ ಅಪರೂಪ, ಇಳಿಜಾರಲ್ಲಿ ಅಷ್ಟೂ ಭಾರ ಹಿಂದಿನಿಂದ ಟ್ರ್ಯಾಕ್ಟರನ್ನ ನೂಕ್ತೈತೆ. 35 ಎಚ್‌ಪಿ ಟ್ರ್ಯಾಕ್ಟರ್ ಎಳೀತೈತೆ ಸರಿ, ನಿಲ್ಲಿಸೋಕಾಗ್ತೈತಾ ಅನ್ನೋದು ಪ್ರಶ್ನೆ. ಭತ್ತ ಕಟಾವು ಮಷಿನ್ನಿಂದ ನೇರ ತುಂಬಿಸ್ಕೊಳ್ಳೋರು ಹಿಂದಿನ ಡೋರಲ್ಲಿ ಸಣ್ಣ ಕಿಟಕಿ ಇರೋದು ಸಿಕ್ಕಿದ್ರೆ ಬಿಡ್ಬೇಡಿ, ಅದನ್ನ ಮೇಲೆತ್ತಿ ಕೆಳಗೆ ಚೀಲ ಹಿಡಿದ್ರೆ ಇಬ್ರು ಸೇರಿ ಸಲೀಸಾಗಿ ಚೀಲ ತುಂಬ್ಬೋದು, ಸೊಂಟ ಉಳೀತೈತೆ.

ಇನ್ನು ಕಾಗದಪತ್ರ. ಇಲ್ಲೇ ನಮ್ಮ ಜನ ಜಾಸ್ತಿ ಅಸಡ್ಡೆ ಮಾಡೋದು. 1988ರ ಮೋಟಾರು ವಾಹನ ಕಾಯ್ದೆಲಿ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ, ಇಂಜಿನ್ ಇಲ್ದಿದ್ರೂ. ಟ್ರ್ಯಾಕ್ಟರಿಗೊಂದು ನಂಬರ್, ಟ್ರೇಲರಿಗೊಂದು ನಂಬರ್, ಬೇರೆ ಬೇರೆ ನೋಂದಣಿ ಪತ್ರ, ಅಂದ್ರೆ ಆರ್‌ಸಿ. ಲೋಕಲ್ ವರ್ಕ್‌ಶಾಪಲ್ಲಿ ಮಾಡಿಸಿ ರಿಜಿಸ್ಟ್ರೇಷನ್ನೇ ಮಾಡಿಸ್ದೆ ಓಡಾಡ್ತಿರೋವು ಊರಿಗೆ ಹತ್ತು ಸಿಗ್ತಾವೆ, ರೇಟು ಕಮ್ಮಿ ಇರ್ತೈತೆ, ಆಸೆ ಪಡ್ಬೇಡಿ. ಆರ್‌ಸಿಲಿರೋ ಚಾಸಿ ನಂಬರನ್ನ ಟ್ರೇಲರ್ ಮೇಲೆ ಹುಡುಕಿ, ಪೇಂಟ್ ಕೆರೆದು, ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ನಂಬರಿನ ಪ್ರತಿ ತೆಗೀರಿ, ಒಂದಂಕಿ ತಪ್ಪಿದ್ರೂ ವಾಪಸ್ ಬನ್ನಿ. ಸರ್ಕಾರದ ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿದ್ರೆ ಬ್ಯಾಂಕಿನ ಸಾಲ ಐತಾ ಅನ್ನೋ ಸುಳಿವು ಸಿಗ್ತೈತೆ. ಟ್ರ್ಯಾಕ್ಟರ್ ಸಾಲದ ಜೊತೆಗೇ ಟ್ರೇಲರೂ ಅಡ ಬಿದ್ದಿರೋದು ಮಾಮೂಲು, ಹಂಗಿದ್ರೆ ಬ್ಯಾಂಕಿನ ಎನ್‌ಒಸಿ ಅನ್ನೋ ಆಕ್ಷೇಪಣೆ ಇಲ್ಲದ ಪತ್ರ, ಸಾಲ ತೀರಿತು ಅನ್ನೋ ಫಾರಂ 35, ಎರಡೂ ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡ್ಬೇಡಿ. ಹೆಸರು ಬದಲಾವಣೆಗೆ ಫಾರಂ 29, ಫಾರಂ 30, ಸಹಿ ಅವತ್ತೇ ಹಾಕಿಸ್ಕೊಳ್ಳಿ. ಮಾರಿದೋರು ರಾಜ್ಯದೊಳಗೆ ಆದ್ರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸ್ಬೇಕು, ತಗೊಂಡೋರು 30 ದಿನದೊಳಗೆ ಹೆಸರು ಮಾಡಿಸ್ಕೊಬೇಕು. ಛಾಪಾ ಕಾಗದದಲ್ಲಿ ಬರೆಸ್ಕೊಂಡಿದೀವಿ ಬಿಡ್ರಿ ಅನ್ನೋರಿಗೆ ಹೇಳ್ತೀನಿ, ಅದು ನಿಮ್ಮಿಬ್ರ ನಡುವಿನ ಮಾತು ಅಷ್ಟೇ, ನಾಳೆ ರಸ್ತೇಲಿ ಏನಾದ್ರೂ ಆದ್ರೆ ಕೇಳೋದು ಆರ್‌ಸಿಲಿ ಯಾರ ಹೆಸರೈತೆ ಅಂತ.

ಇನ್ಶೂರೆನ್ಸ್ ಟ್ರ್ಯಾಕ್ಟರಿಗೆ ಇದ್ರೆ ಸಾಲದು, ಪಾಲಿಸಿಲಿ ಟ್ರೇಲರಿನ ನಂಬರ್ ಕೂಡ ಸೇರಿರ್ಬೇಕು. ಕರ್ನಾಟಕದ್ದೇ ಒಂದು ಕೇಸಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು ಟ್ರ್ಯಾಕ್ಟರ್ ಟ್ರೇಲರ್ ಜೋಡಿ ಅಂದ್ರೆ ಸರಕು ಸಾಗಣೆ ವಾಹನ ಅಂತ ಹೇಳೈತೆ, ಹಂಗಾಗಿ ಸ್ವಂತ ಹೊಲದ ಕೆಲಸಕ್ಕೆ ಅಂತ ಪಾಲಿಸಿ ಮಾಡಿಸಿ ಬಾಡಿಗೆಗೆ ಇಟ್ಟಂಗೆ ಓಡ್ಸೋರು ಏಜೆಂಟ್ ಹತ್ರ ಬಾಯಿ ಬಿಟ್ಟು ಕೇಳಿ ಸರಿ ಮಾಡ್ಕೊಳ್ಳಿ. ಇನ್ನೊಂದು ಮಾತು ಕೈ ಮುಗಿದು ಹೇಳ್ತೀನಿ. ಕಳೆ ತೆಗೆಯೋಕೆ, ನಾಟಿಗೆ ಹೆಣ್ಮಕ್ಕಳನ್ನ ಟ್ರೇಲರಲ್ಲಿ ತುಂಬ್ಕೊಂಡು ಹೋಗೋದು ನಿಲ್ಲಿಸಿ. ಅದು ಕಾಳು ಹೊರೋಕೆ ಮಾಡಿದ್ದು, ಜನಕ್ಕಲ್ಲ, ಕೂತ್ಕೊಂಡೋರಿಗೆ ಇನ್ಶೂರೆನ್ಸೂ ಸಿಗಲ್ಲ. ಟ್ರೇಲರ್ ಪಲ್ಟಿ ಅನ್ನೋ ಸುದ್ದಿ ಓದ್ದಾಗೆಲ್ಲ ಅದ್ರಲ್ಲಿರೋರು ನಮ್ಮ ಅಕ್ಕ ತಂಗೀರಂಥೋರೇ.

ರೇಟು ಕುದುರಿಸೋಕೆ ನಾನು ಮಾಡೋದು ಹಿಂಗೆ. ಹತ್ರದ ವೇಬ್ರಿಡ್ಜಿಗೆ ಖಾಲಿ ಟ್ರೇಲರ್ ಒಯ್ದು ತೂಕ ಹಾಕಿಸ್ತೀನಿ. ಆರ್‌ಸಿಲಿ ಖಾಲಿ ತೂಕ ಬರೆದಿರ್ತೈತೆ, ಅದಕ್ಕಿಂತ ತುಂಬಾ ಜಾಸ್ತಿ ಬಂದ್ರೆ ಆಮೇಲೆ ಏನೇನೋ ಸೇರ್ಸಿ ವೆಲ್ಡ್ ಮಾಡಿದಾರೆ, ಕಮ್ಮಿ ಬಂದ್ರೆ ತುಕ್ಕು ತಿಂದೈತೆ ಇಲ್ಲಾ ಏನೋ ಕಿತ್ತಿದಾರೆ. ಆ ತೂಕಕ್ಕೆ ಅವತ್ತಿನ ಗುಜರಿ ರೇಟು ಹಾಕಿದ್ರೆ ತಳದ ಬೆಲೆ ಸಿಗ್ತೈತೆ, ಅದ್ರ ಮೇಲೆ ಟೈರು, ಜಾಕು, ಕಾಗದಪತ್ರ ಸರಿ ಇದ್ರೆ ಅದಕ್ಕೊಂದಿಷ್ಟು. ಕೊಯ್ಲು ಹತ್ರ ಬಂದಾಗ ಎಲ್ರಿಗೂ ಬೇಕು, ರೇಟು ಏರಿರ್ತೈತೆ. ಬಿತ್ತನೆ ಸಮಯ, ಜೂನ್ ಹತ್ರ, ಬೀಜ ಗೊಬ್ಬರಕ್ಕೆ ದುಡ್ಡು ಬೇಕಾಗಿ ಮಾರೋರು ಸಿಗ್ತಾರೆ, ಹಂಗಂತ ಕಷ್ಟದಲ್ಲಿರೋರ ಹತ್ರ ತೀರಾ ಹಿಂಡಬೇಡಿ, ಅವರೂ ನಮ್ಮಂಗೆ ರೈತರೇ.

ಒಪ್ಪಂದ ಆದ್ಮೇಲೂ ಮನೆಗೆ ತರೋ ದಾರೀಲಿ 4 ಕಿಲೋಮೀಟರಿಗೆ ಒಂದ್ಸಲ ಇಳಿದು ಎರಡೂ ಹಬ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ರೆ ಸರಿ, ಕೈ ಇಡೋಕಾಗ್ದಷ್ಟು ಸುಟ್ರೆ ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ಕಿಗೆ ಫೋನ್ ಮಾಡಿ. ಪಿನ್ನಿಗೆ ಕ್ಲಿಪ್ ಇಲ್ದೆ ತಂತಿ ಸುತ್ತಿರ್ತಾರೆ, ಹೊಸಾ ಕ್ಲಿಪ್ ಜೇಬಲ್ಲಿ ಇಟ್ಕೊಂಡೇ ಹೋಗಿ. ಹಂಗೇ ಬರೋವಾಗ ಕೆಂಪು ರೇಡಿಯಂ ಪಟ್ಟಿ ಒಂದು ರೋಲ್ ತಗೊಂಡು ಬನ್ನಿ, ಊಟಕ್ಕೆ ಕೂರೋ ಮುಂಚೆ ಹಿಂದಿನ ಡೋರಿಗೆ ಈ ಮೂಲೆಯಿಂದ ಆ ಮೂಲೆವರೆಗೆ ಅಂಟಿಸಿ, ಇಂಡಿಕೇಟರ್ ವೈರ್ ಜೋಡಿಸಿ ಉರೀತೈತಾ ನೋಡಿ. ಕತ್ತಲಲ್ಲಿ ರಸ್ತೆ ಪಕ್ಕ ಪಂಚರ್ ಆಗಿ ನಿಂತ ಟ್ರೇಲರ್ ಹಿಂದಿನಿಂದ ಬರೋ ಬೈಕಿನೋನಿಗೆ ಕಾಣೋದೇ ಇಲ್ಲ. ಪೂಜೆ ಬೆಳಿಗ್ಗೆ ಮಾಡಿದ್ರಾಯ್ತು, ಪಟ್ಟಿ ಅವತ್ತು ರಾತ್ರಿನೇ ಅಂಟಿಸಿ.